ಹುಬ್ಬು ಮೇಲೆ, ಕಣ್ಣು ಗಲ್ಲದಾಗ: ಗಂಗಾವತಿಯ ಒಂದು ಬಾಡಿಗೆ ಗಾಡಿಯ ಪ್ರಕರಣ

ನಮ್ಮ ಮಾಮಾನ ಬಾಡಿಗೆ ಗಾಡಿಗಳ ಲೆಕ್ಕ ಬರೆಯುವುದು ಎಷ್ಟೋ ವರ್ಷಗಳಿಂದ ನನ್ನ ತಲೆಗೆ ಬಂದಿರುವ ಕೆಲಸ. ಮಾಮಾ ಅಂದರೆ ಅಕ್ಕನ ಗಂಡ. ಭಾವ ಅನ್ನುವ ರೂಢಿ ನಮ್ಮ ಮನೆಯಲ್ಲಿಲ್ಲ. ವಾರವೆಲ್ಲ ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರದ ಪಾಠ, ಭಾನುವಾರ ಬೆಳಿಗ್ಗೆ ಗಂಗಾವತಿಯ ಅವರ ಪಡಸಾಲೆಯಲ್ಲಿ ಟ್ರಿಪ್ ಶೀಟುಗಳ ಕಟ್ಟು. ಕಿಲೋಮೀಟರ್, ಎಣ್ಣೆ, ಟೋಲ್, ಬಾಟಾ, ಪಂಕ್ಚರ್ ಎಲ್ಲಕ್ಕೂ ಒಂದೊಂದು ಕಾಲಮ್ಮು. ಕೊನೆಯದು ಷರಾ. ಬಹುತೇಕ ಡ್ರೈವರುಗಳು ಅದನ್ನು ಖಾಲಿ ಬಿಡುತ್ತಾರೆ. ನಮ್ಮಲ್ಲಿ ಹಿರಿಯ ಡ್ರೈವರ್ ಒಬ್ಬರಿದ್ದಾರೆ, ಸ್ಟ್ಯಾಂಡಿನ ಹುಡುಗರೆಲ್ಲ ಅವರನ್ನು ಕಾಕಾ ಅನ್ನುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ಕಾಕಾ ಷರಾ ಖಾಲಿ ಬಿಟ್ಟಿದ್ದನ್ನು ನಾನು ನೋಡಿಲ್ಲ. ಗಿರಾಕಿ ಜಿಪುಣ ಎಂಬುದರಿಂದ ಹಿಡಿದು ಕನಕಗಿರಿ ರಸ್ತೆಯಲ್ಲಿ ಹೊಸ ಗುಂಡಿ ಬಿದ್ದದ್ದರವರೆಗೆ ಎಲ್ಲವೂ ಅಲ್ಲಿರುತ್ತದೆ.

2019ರ ಅಕ್ಟೋಬರ್‌ನ ಒಂದು ಶೀಟಿನಲ್ಲಿ ಅವರು ಬರೆದದ್ದು: "ಗಾಡಿ ಚಲೋ ಓಡ್ತೈತಿ. ಮಾರಿ ನೋಡಾಕ ಆಗಂಗಿಲ್ಲ." ಮಾರಿ ಅಂದರೆ ನಮ್ಮ ಕಡೆ ಮುಖ. 2022ರ ಮೇ ತಿಂಗಳ ಶೀಟಿನಲ್ಲಿ, ಅದೇ ಗಾಡಿಗೆ, ಅದೇ ಕೈಬರಹದಲ್ಲಿ: "ಮದುಮಗನ್ನ ಕುಂದ್ರಸಾಕ ಇದ ಗಾಡಿ ಬೇಕಂತ. ಬೇಕ ಆಗ್ತೈತಿ, ಮಾರಿಗೆ ಕಳೆ ಐತಿ."

ನಡುವೆ ಗಾಡಿಯ ಮುಖಕ್ಕೆ ಯಾರೂ ಏನೂ ಮಾಡಿರಲಿಲ್ಲ. ಒಮ್ಮೆ ಒಡೆದ ಭಾಗವೊಂದನ್ನು ಬದಲಿಸಿದ್ದು ಬಿಟ್ಟರೆ ಅದು ಹುಟ್ಟಿದಾಗ ಹೇಗಿತ್ತೋ ಹಾಗೇ ಇತ್ತು. ಹಾಗಾದರೆ ಬದಲಾದದ್ದೇನು, ಮತ್ತು ಅದಕ್ಕಿಂತ ನನಗೆ ಮುಖ್ಯವೆನಿಸಿದ್ದು, ಬದಲಾಗದೆ ಉಳಿದದ್ದೇನು? ಮೂರು ವರ್ಷದ ಷರಾ ಕಾಲಮ್ಮುಗಳನ್ನು ಒಟ್ಟಿಗೆ ಓದಿದಾಗ ಕಂಡದ್ದನ್ನು ಇಲ್ಲಿ ಬರೆದಿದ್ದೇನೆ. ಗಾಡಿಯ ಕಂಪನಿ, ಮಾದರಿ ಬರೆಯುವುದಿಲ್ಲ.

ಗಾಡಿ ಬಂದ ದಿನ

ಕಾಕಾ ಈ ಕಸುಬಿಗೆ ಬಂದದ್ದು ಅಂಬಾಸಿಡರ್ ತೊಳೆಯುವ ಹುಡುಗನಾಗಿ. ಆಮೇಲೆ ಸುಮೋ, ಕ್ವಾಲಿಸ್, 2005ರ ನಂತರ ಇನ್ನೋವಾ. ಅಂಬಾಸಿಡರ್ ಎಂದರೆ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಗಾಡಿಯ ಅಚ್ಚು. 1950ರ ದಶಕದ ಕೊನೆಯಲ್ಲಿ ನಮ್ಮಲ್ಲಿ ತಯಾರಾಗಲು ಶುರುವಾಗಿ 2014ರಲ್ಲಿ ನಿಂತಿತು. ಜಾಲರಿ, ಬಂಪರ್ ಅಷ್ಟಿಷ್ಟು ಬದಲಾದರೂ ಅದರ ಮುಖ ಅರ್ಧ ಶತಮಾನ ಒಂದೇ: ಎರಡು ದುಂಡು ಕಣ್ಣು, ನಡುವೆ ಹಲ್ಲು ಕಿರಿದ ಬಾಯಿ. ಆ ತಲೆಮಾರಿನ ಡ್ರೈವರಿಗೆ ಗಾಡಿಯ ಮುಖ ಅಂದರೆ ಅದು. ಕಣ್ಣು ಎಲ್ಲಿರಬೇಕು ಎನ್ನುವುದು ಚರ್ಚೆಯ ವಿಷಯವೇ ಅಲ್ಲ.

2019ರ ಆಯುಧ ಪೂಜೆಗೆ ಮಾಮಾ ತಂದ ಗಾಡಿಯಲ್ಲಿ ಬಾನೆಟ್ಟಿನ ಅಂಚಿಗೆ ಎರಡು ತೆಳ್ಳನೆಯ ಬೆಳಕಿನ ಗೆರೆ, ಹಗಲೂ ಉರಿಯುವಂಥವು. ಜನ ಹೆಡ್‌ಲೈಟ್ ಎಂದುಕೊಳ್ಳುವುದು ಅದನ್ನೇ. ನಿಜವಾದ ಹೆಡ್‌ಲೈಟು ಒಂದು ಮೊಳ ಕೆಳಗೆ, ಬಂಪರಿನ ಗೂಡಿನಲ್ಲಿ. ಇದೇನೂ ಆಗ ತಾನೇ ಹುಟ್ಟಿದ ಯೋಚನೆಯಲ್ಲ. ನಿಸ್ಸಾನ್ ಕಂಪನಿಯ ಜ್ಯೂಕ್ 2010ರಲ್ಲೇ ಹೀಗೆ ದೀಪವನ್ನು ಮೇಲೆ ಕೆಳಗೆ ಒಡೆದು ಹೊರದೇಶಗಳಲ್ಲಿ ನಗೆಪಾಟಲಾಗಿ, ಆಮೇಲೆ ಚೆನ್ನಾಗಿ ಮಾರಾಟವೂ ಆಗಿತ್ತು. ಎಲ್‌ಇಡಿ ಬಂದ ಮೇಲೆ ದೀಪಕ್ಕೆ ದೊಡ್ಡ ಬಟ್ಟಲು ಬೇಕಿಲ್ಲ, ಗೆರೆ ಎಳೆದಂತೆ ಎಲ್ಲಿ ಬೇಕಾದರೂ ಇಡಬಹುದು. ವಿನ್ಯಾಸಕಾರರಿಗೆ ಸಿಕ್ಕ ಈ ಸ್ವಾತಂತ್ರ್ಯ ನಮ್ಮ ದೇಶದ ಹಲವು ಕಂಪನಿಗಳ ಗಾಡಿಗೂ ಆ ಹೊತ್ತಿಗೆ ಬಂದಿತ್ತು. ಗಂಗಾವತಿಯ ಸ್ಟ್ಯಾಂಡಿಗೆ ಮಾತ್ರ ಬಂದಿರಲಿಲ್ಲ.

ಕಾಕಾ ಕೈಯಲ್ಲಿ ನಿಂಬೆಹಣ್ಣಿನ ಸರ ಹಿಡಿದು ಗಾಡಿಯ ಮುಂದೆ ನಿಂತರು. "ಸಾವ್ಕಾರ್ರ, ಹುಬ್ಬು ಮ್ಯಾಲ ಐತಿ, ಕಣ್ಣು ಗಲ್ಲದಾಗ ಅದಾವ. ಇದನ್ನ ಎಲ್ಲಿ ಕಟ್ಟಲ್ರೀ?"

"ಎಲ್ಲಿಯಾದ್ರೂ ಕಟ್ಟಪಾ" ಅಂದರು ಮಾಮಾ. ಅವರಿಗೆ ಸಾಲದ ಕಂತಿನದೇ ಚಿಂತೆ.

ಸ್ಟ್ಯಾಂಡಿನಲ್ಲಿ ಆ ವಾರವೇ ಗಾಡಿಗೆ ಕಪ್ಪೆ ಎಂದು ಹೆಸರು ಬಿತ್ತು. ಒಬ್ಬನಿಗೆ ಮಾತ್ರ ಅದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ಮಾಮಾನ ಮಗ, ಆಗ ಡಿಗ್ರಿ ಓದುತ್ತಿದ್ದ. ಗಾಡಿ ಮಾರುಕಟ್ಟೆಗೆ ಬರುವುದಕ್ಕೂ ಮೊದಲಿನಿಂದ ಅವನು ಮೊಬೈಲಿನಲ್ಲಿ ಅದನ್ನು ಎಲ್ಲ ಕಡೆಯಿಂದ ತಿರುಗಿಸಿ ತಿರುಗಿಸಿ ನೋಡಿದ್ದ. ಹುಡುಗರಿಗೆ ಹೊಸದು ಬೇಗ ಹಿಡಿಸುತ್ತದೆ, ಮುದುಕರಿಗೆ ಹಿಡಿಸುವುದಿಲ್ಲ ಎಂದು ಆಗ ನಾನೂ ಅಂದುಕೊಂಡೆ. ಈಗ ಹಾಗನ್ನಿಸುವುದಿಲ್ಲ. ಇಬ್ಬರೂ ಗಾಡಿಯನ್ನು ಒಂದೇ ದಿನ ಕಂಡರು ಎಂಬ ಲೆಕ್ಕವೇ ತಪ್ಪು. ಹುಡುಗ ಐದಾರು ತಿಂಗಳು ಮುಂದಿದ್ದ. ಮೊದಮೊದಲು ಅವನಿಗೂ ಕಪ್ಪೆಯೇ ಕಂಡಿರಬಹುದು; ಆ ದಿನಗಳು ಕೋಣೆಯೊಳಗೆ, ಮೊಬೈಲಿನ ಬೆಳಕಿನಲ್ಲಿ ಕಳೆದುಹೋಗಿದ್ದವು.

ಮೊದಲ ಮೂರು ತಿಂಗಳ ಷರಾ

ಆ ಮೂರು ತಿಂಗಳಲ್ಲಿ ಕಾಕಾ ಹೊಗಳಿದ್ದೂ ಬಹಳ. ಡ್ಯಾಶ್‌ಬೋರ್ಡಿನ ಕನ್ನಡಿಯಂಥ ಕರಿ ಹೊಳಪು ಅವರಿಗೆ ಹಿಡಿಸಿತ್ತು. ರಾತ್ರಿ ಬಾಗಿಲ ಒಳಗೆ ಹತ್ತುವ ನೀಲಿ ಬೆಳಕು ಹಿಡಿಸಿತ್ತು. ಮಾಳಿಗೆಯ ಗಾಜಂತೂ ಬಹಳ ಹಿಡಿಸಿತ್ತು, ಯಾಕೆಂದರೆ ಅಂಜನಾದ್ರಿಗೆ ಬರುವ ಯಾತ್ರಿಕರ ಮಕ್ಕಳು ಆನೆಗೊಂದಿ ದಾರಿಯುದ್ದಕ್ಕೂ ಬಂಡೆಗುಡ್ಡಗಳನ್ನು ಅದರೊಳಗಿಂದಲೇ ನೋಡುತ್ತಿದ್ದರು. 575 ಮೆಟ್ಟಿಲು ಹತ್ತಿ ಇಳಿದು ಸುಸ್ತಾದ ಜನ ಸೀಟಿಗೆ ಒರಗಿ ಆಕಾಶ ನೋಡುತ್ತಾರೆ ಎಂದು ಒಂದು ಷರಾ ಇದೆ.

ಬೈದದ್ದು ಎರಡು. ಒಂದು ಮಾರಿ. ಇನ್ನೊಂದು ಎಸಿಯ ಗುಂಡಿಗಳು. ಗುಂಡಿ ಅನ್ನುವುದೂ ತಪ್ಪೇ. ಹಳೆಯ ಇನ್ನೋವಾದಲ್ಲಿ ತಿರುವುವ ಗುಬುಟು ಇತ್ತು, ಕೈ ಹೋಗಿ ಹಿಡಿಯುತ್ತಿತ್ತು. ಇದರಲ್ಲಿ ಒಂದು ನುಣುಪು ಪಟ್ಟಿ, ಅದರ ಮೇಲೆ ಚಿತ್ರ, ಬೆರಳು ತಾಗಿಸಿದರೆ ಸಾಕು. ಉಬ್ಬಿಲ್ಲ, ತಗ್ಗಿಲ್ಲ, ಟಕ್ ಎನ್ನುವ ಸದ್ದಿಲ್ಲ. ಷರಾ ಹೀಗಿದೆ: "ಎಸಿ ಹೆಚ್ಚು ಮಾಡಾಕ ಕಣ್ಣು ಬೇಕು. ಕಣ್ಣು ರಸ್ತೆಗೆ ಬೇಕು."

ಆಗ ಈ ಎರಡು ದೂರುಗಳೂ ನನಗೆ ಒಂದೇ ಥರ ಕಂಡಿದ್ದವು. ವಯಸ್ಸಾದವರು, ಹೊಸದಕ್ಕೆ ಒಗ್ಗಲು ಹೊತ್ತು ಬೇಕು. ಮಾಮಾನೂ ಹಾಗೇ ಅಂದರು. ಷೋರೂಮಿನ ಹುಡುಗನೂ ಹಾಗೇ ಅಂದಿದ್ದ: "ರೂಢಿ ಆಗುತ್ತೆ ಸರ್."

ಗಾಡಿ ನಿಂತ ಎರಡು ತಿಂಗಳು

2020ರ ಮಾರ್ಚ್ 25ರಿಂದ ದೇಶವೇ ಬಾಗಿಲು ಹಾಕಿತು. ಅಂಜನಾದ್ರಿ ಇಲ್ಲ, ಹಂಪಿ ಇಲ್ಲ, ಮಂತ್ರಾಲಯದ ಬಾಡಿಗೆ ಇಲ್ಲ. ಮೂರೂ ಗಾಡಿಗಳು ಮಾಮಾನ ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ನಿಂತವು. ಬ್ಯಾಟರಿ ಸಾಯಬಾರದೆಂದು ಎರಡು ದಿನಕ್ಕೊಮ್ಮೆ ಬಂದು ಚಾಲೂ ಮಾಡುವ ಕೆಲಸ ಕಾಕಾನದು. ಅವರ ಮನೆ ಎರಡು ಓಣಿ ಆಚೆ.

ಟ್ರಿಪ್ ಇಲ್ಲದಿದ್ದರೂ ಅವರು ಶೀಟು ಬರೆದರು. ಕಿಲೋಮೀಟರ್ ಸೊನ್ನೆ, ಬಾಟಾ ಸೊನ್ನೆ, ಷರಾ ಮಾತ್ರ ಇದೆ. "ಚಾಲೂ ಮಾಡಿ 15 ನಿಮಿಷ ಇಟ್ಟೆ. ಒರಸಿದೆ." ಹೀಗೇ ಸಾಲು ಸಾಲು. ಓದಲು ಬೇಜಾರು ಹಿಡಿಸುವ ಹಾಳೆಗಳು. ಆದರೆ ಮೇ ತಿಂಗಳ ಒಂದು ಹಾಳೆಯಲ್ಲಿ ನಾನು ತಡೆದು ನಿಂತೆ: "ಒರಸಿದೆ. ಎಡಗಣ್ಣಿನ ಮ್ಯಾಲ ಗುಬ್ಬಿ ಹಿಕ್ಕಿ ಹಾಕಿತ್ತು, ನೀರು ಹಚ್ಚಿ ತಗದೆ."

ಎಡಗಣ್ಣು. ಅಲ್ಲಿಯವರೆಗೆ ಅದು "ಕೆಳಗಿನ ಲೈಟು" ಅಥವಾ "ಬಂಪರ್ ಲೈಟು" ಆಗಿತ್ತು. ಕಣ್ಣು ಎಂದು ಬರೆದದ್ದಿದ್ದರೆ ಗೇಲಿಗೆ ಮಾತ್ರ. ಈ ಸಾಲಿನಲ್ಲಿ ಗೇಲಿಯಿಲ್ಲ, ಗುಬ್ಬಿಯ ಮೇಲಿನ ಸಿಟ್ಟಿದೆ ಅಷ್ಟೆ. ಗಾಡಿಯ ಕಣ್ಣು ಎಲ್ಲಿದೆ ಎಂಬುದನ್ನು ಕಾಕಾನ ಮನಸ್ಸು ಯಾವಾಗಲೋ ಒಪ್ಪಿಕೊಂಡುಬಿಟ್ಟಿತ್ತು, ಅವರಿಗೇ ತಿಳಿಯದೆ. ಆ ಎರಡು ತಿಂಗಳಲ್ಲಿ ಅವರು ಗಾಡಿ ಓಡಿಸಿರಲಿಲ್ಲ. ಅದರ ಮುಂದೆ ಕುಕ್ಕರಗಾಲಲ್ಲಿ ಕೂತು ಒರೆಸಿದ್ದರು, ಅಷ್ಟೆ.

ಜೂನ್‌ನಲ್ಲಿ ಬಾಡಿಗೆ ಶುರುವಾದಾಗ ಉಲ್ಟಾ ಸಂಗತಿ ಕಂಡಿತು. ಮಾರಿಯ ಬಗ್ಗೆ ದೂರು ನಿಂತಿತ್ತು, ಎಸಿ ಪಟ್ಟಿಯ ಬಗ್ಗೆ ದೂರು ಜೋರಾಗಿತ್ತು. ಹಿಂದಿನ ಆರು ತಿಂಗಳಲ್ಲಿ ಬೆರಳು ಅಷ್ಟೋ ಇಷ್ಟೋ ಕಲಿತದ್ದು ಎರಡು ತಿಂಗಳ ಬಿಡುವಿನಲ್ಲಿ ಅಳಿಸಿಹೋಗಿತ್ತು. ಅದೇ ವಾರ ಹಳೆಯ ಇನ್ನೋವಾ ಓಡಿಸಿದಾಗ ಗುಬುಟಿಗೆ ಕೈ ತಾನಾಗಿ ಹೋಯಿತಂತೆ.

ನನಗೆ ಈ ಪ್ರಕರಣದಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳ ಸಂಗತಿ ಇದು. ಸಾಮಾನ್ಯವಾಗಿ ನೋಡುವುದೂ ಓಡಿಸುವುದೂ ಒಟ್ಟಿಗೇ ನಡೆಯುತ್ತವೆ, ಯಾವುದು ಯಾವುದನ್ನು ಬದಲಿಸಿತು ಎಂದು ಬಿಡಿಸಲು ಆಗುವುದಿಲ್ಲ. ಲಾಕ್‌ಡೌನ್ ಅವೆರಡನ್ನೂ ಕತ್ತರಿಸಿ ಬೇರೆ ಮಾಡಿತ್ತು. ಕಣ್ಣಿಗೆ ನೋಟ ಸಾಕಾಯಿತು. ಕೈಗೆ ಸಾಕಾಗಲಿಲ್ಲ.

ಬಲ್ಲವರು ಕಂಡದ್ದು

ಒಂದು ವಸ್ತುವನ್ನು ಬರಿದೇ ಮತ್ತೆ ಮತ್ತೆ ಕಂಡರೂ ಸಾಕು, ಅದರ ಮೇಲೆ ಒಲವು ಬೆಳೆಯುತ್ತದೆ ಎಂದು ರಾಬರ್ಟ್ ಜಾಯಾನ್ಸ್ ಎಂಬ ಮನಶ್ಶಾಸ್ತ್ರಜ್ಞ 1968ರಲ್ಲಿ ತೋರಿಸಿದ್ದರು. ಅರ್ಥವಿಲ್ಲದ ಪದ, ಚೀನೀ ಅಕ್ಷರದಂಥ ಗುರುತು, ಅಪರಿಚಿತ ಮುಖ ಇವನ್ನು ಇಟ್ಟುಕೊಂಡು ಮಾಡಿದ ಪ್ರಯೋಗಗಳವು. ಗಾಡಿಗೆ ಹತ್ತಿರದ್ದು 2005ರಲ್ಲಿ ಕಾರ್ಬನ್ ಮತ್ತು ಲೆಡರ್ ಮಾಡಿದ ಅಧ್ಯಯನ. ಅವರು ಜನರಿಗೆ ಕಾರಿನ ಒಳಾಂಗಣದ ಚಿತ್ರಗಳನ್ನು ತೋರಿಸಿದರು, ಕೆಲವು ರೂಢಿಯವು, ಕೆಲವು ತೀರ ಹೊಸವು. ಮೊದಲ ನೋಟದಲ್ಲಿ ಹೊಸವು ಸೋತವು. ಆಮೇಲೆ ಅವೇ ಚಿತ್ರಗಳ ಬಗ್ಗೆ ಬಗೆಬಗೆಯ ಪ್ರಶ್ನೆ ಕೇಳಿ, ಯೋಚಿಸಿ ಅಂಕ ಕೊಡುವಂತೆ ಮಾಡಿ, ಕೊನೆಗೆ ಹಿಡಿಸಿತೇ ಎಂದು ಮತ್ತೆ ಕೇಳಿದಾಗ ಹೊಸವು ಮೇಲೆದ್ದವು. 2013ರಲ್ಲಿ ಲಾಂಡ್‌ವೇರ್ ಮತ್ತು ಜೊತೆಗಾರರು ಕಂಡದ್ದೂ ಇದಕ್ಕೆ ಹೊಂದುತ್ತದೆ: ಕಡಿಮೆ ಬಾರಿ ಕಂಡಾಗ ಎಲ್ಲರಂತಿರುವ ಗಾಡಿ ಗೆಲ್ಲುತ್ತದೆ, ಹೆಚ್ಚು ಬಾರಿ ಕಂಡಾಗ ಎಲ್ಲರಂತಿಲ್ಲದ್ದು ಗೆಲ್ಲುತ್ತದೆ.

ಕಾರ್ಬನ್ ಮತ್ತು ಲೆಡರ್ ಅವರ ಕ್ರಮ ಓದಿದಾಗ ನನಗೆ ನಗು ಬಂತು. ಬರಿ ತೋರಿಸಿ ಬಿಡುವುದಲ್ಲ, ಯೋಚಿಸಿ ಹೇಳುವಂತೆ ಮಾಡುವುದು. ನಮ್ಮ ಷರಾ ಕಾಲಮ್ಮು ಮಾಡಿದ್ದೂ ಅದನ್ನೇ ಅಲ್ಲವೇ? ಇದೇ ಗಾಡಿಯನ್ನು ಆಗಾಗ ಓಡಿಸಿದ ಇನ್ನೊಬ್ಬ ಡ್ರೈವರ್ ನಮ್ಮಲ್ಲಿದ್ದಾನೆ, ಷರಾ ಖಾಲಿ ಬಿಡುವವರ ಪೈಕಿ. 2019ರಲ್ಲಿ ಕೇಳಿದಾಗ "ಅಡ್ಡಿ ಇಲ್ರೀ" ಅಂದಿದ್ದ. 2022ರಲ್ಲಿ ಕೇಳಿದಾಗಲೂ "ಅಡ್ಡಿ ಇಲ್ರೀ". ಅವನು ಆ ಮುಖವನ್ನು ದ್ವೇಷಿಸಲೂ ಇಲ್ಲ, ಮೆಚ್ಚಲೂ ಇಲ್ಲ. ಹಾಗಾಗಿ ಕಾಕಾನ ಮನಸ್ಸು ಬದಲಾದದ್ದರಲ್ಲಿ ನನ್ನ ಲೆಕ್ಕದ ಪುಸ್ತಕದ ಕೈಯೂ ಇರಬಹುದು. ಒಬ್ಬ ಡ್ರೈವರ್, ಒಂದು ಗಾಡಿ. ಇದರಿಂದ ಜಗತ್ತಿನ ಡ್ರೈವರುಗಳೆಲ್ಲ ಹೀಗೇ ಎಂದು ಹೇಳಲು ನಾನು ಹೊರಟಿಲ್ಲ.

ಕಂಡೂ ಕಂಡೂ ಎಲ್ಲವೂ ಚೆಂದವಾಗುತ್ತದೆ ಎಂದೂ ಅಲ್ಲ. ಅಮೆರಿಕದ ಫೋರ್ಡ್ ಕಂಪನಿ 1957ರಲ್ಲಿ ತಂದ ಎಡ್ಸೆಲ್ ಗಾಡಿಯ ಮೂತಿಯನ್ನು ಜನ ಕುದುರೆಯ ಕೊರಳಪಟ್ಟಿಗೆ ಹೋಲಿಸಿದರು. ಜನರ ಕಣ್ಣು ಪಳಗುವವರೆಗೆ ಅದು ಬದುಕಲಿಲ್ಲ, 1959ರಲ್ಲಿ ತಯಾರಿಕೆ ನಿಂತಿತು. ಬಿಎಂಡಬ್ಲ್ಯೂ 2001ರಲ್ಲಿ ತಂದ 7 ಸರಣಿಯ ಹಿಂಭಾಗ ನೋಡಿ ಸಿಟ್ಟಾದ ಅಭಿಮಾನಿಗಳು ವಿನ್ಯಾಸ ಮುಖ್ಯಸ್ಥ ಕ್ರಿಸ್ ಬ್ಯಾಂಗಲ್‌ರನ್ನು ತೆಗೆಯಿರಿ ಎಂದು ಸಹಿ ಸಂಗ್ರಹಿಸಿದ್ದರು. ಆ ಗಾಡಿ ಬದುಕಿತು. ಬದುಕಿದ್ದಕ್ಕೇ ಜನ ಅದನ್ನು ಕಾಣುತ್ತ ಹೋದರು. ನಮ್ಮ ಸ್ಟ್ಯಾಂಡಿಗೆ ಬರೋಣ. 1999ರ ಕೊನೆಗೆ ವ್ಯಾಗನ್ಆರ್ ಬಂದಾಗ ಡಬ್ಬಿ ಅಂದವರು, 2008ರಲ್ಲಿ ಸ್ವಿಫ್ಟಿಗೆ ಡಿಕ್ಕಿ ಅಂಟಿಸಿ ಡಿಜೈರ್ ತಂದಾಗ ಬೆನ್ನಿಗೆ ಗೋಣಿಚೀಲ ಕಟ್ಟಿದಂಗ ಐತಿ ಅಂದವರು, ಇಂದು ಅವನ್ನೇ ಓಡಿಸಿ ಮಕ್ಕಳ ಫೀಸು ಕಟ್ಟುತ್ತಿದ್ದಾರೆ. ಡಿಕ್ಕಿಯಲ್ಲಿ ನಾಲ್ಕು ಬ್ಯಾಗು ಹಿಡಿಸುತ್ತವೆ ಎಂದಾದಾಗ ಗೋಣಿಚೀಲ ಎಂಬ ಮಾತು ತಾನಾಗಿ ಸತ್ತಿತು.

ಕಲ್ಲು, ಹೊಗೆ, ಬಿಸಿಲು

2020ರ ಡಿಸೆಂಬರ್. ಸಿಂಧನೂರು ದಾರಿ. ಕೊಯ್ಲಿನ ಕಾಲದಲ್ಲಿ ನಮ್ಮ ಕಡೆ ಅರ್ಧ ರಸ್ತೆಗೆ ಭತ್ತ ಒಣಗಲು ಹಾಕುತ್ತಾರೆ. ಗಾಡಿಗಳು ತುಳಿಯದಿರಲೆಂದು ರಾಶಿಯ ಸುತ್ತ ಕಲ್ಲು ಸಾಲಾಗಿ ಇಡುತ್ತಾರೆ. ಭತ್ತ ಎತ್ತಿದ ಮೇಲೆ ಕಲ್ಲು ಎತ್ತುವವರಿಲ್ಲ. ಸಂಜೆ ಎದುರಿನ ಲಾರಿಗೆ ದಾರಿ ಬಿಟ್ಟು ಬದಿಗೆ ಸರಿದಾಗ ಒಂದು ಕಲ್ಲು ಎಗರಿ ನೇರ ಎಡಗಣ್ಣಿಗೆ ಬಡಿಯಿತು. ಇನ್ನೋವಾ ಆಗಿದ್ದರೆ ಬಂಪರ್ ಸೀಳುತ್ತಿತ್ತು, ಟಿಂಕರ್ ಮೇಸ್ತ್ರಿ ಹೊಂದಿಸುತ್ತಿದ್ದ. ಇಲ್ಲಿ ಹೋದದ್ದು ಇಡೀ ಹೆಡ್‌ಲೈಟು. ಬಿಲ್ಲು ನೋಡಿದ ಮಾಮಾ ಎರಡು ದಿನ ಯಾರ ಜೊತೆಯೂ ಸರಿಯಾಗಿ ಮಾತಾಡಲಿಲ್ಲ.

ಕಾಕಾ ಮತ್ತೆ ಮಾರಿಯನ್ನು ಬೈಯುತ್ತಾರೆ ಎಂದು ಕಾದೆ. ಷರಾ ಹೀಗಿತ್ತು: "ಕಲ್ಲು ಇಟ್ಟವರಿಗೆ ಬುದ್ಧಿ ಇಲ್ಲ." ಗಾಡಿ ತಪ್ಪಿತಸ್ಥ ಆಗಲಿಲ್ಲ, ಪೆಟ್ಟು ತಿಂದ ಮನೆಮಗ ಆಯಿತು! ವರ್ಷದ ಹಿಂದೆ ಆಗಿದ್ದರೆ ಇದೇ ಕಲ್ಲು ವಿನ್ಯಾಸದ ವಿರುದ್ಧ ಸಾಕ್ಷಿಯಾಗುತ್ತಿತ್ತು ಎಂದು ನನ್ನ ಅನುಮಾನ. ನಿಜ ಹೇಳಬೇಕೆಂದರೆ ಈ ಒಂದು ವಿಷಯದಲ್ಲಿ ನನ್ನ ಮತ ಬೇರೆ. ದೀಪವನ್ನು ಅಷ್ಟು ಕೆಳಗೆ, ಪೆಟ್ಟು ಮೊದಲು ಬೀಳುವ ಜಾಗದಲ್ಲಿ ಇಟ್ಟದ್ದು ನಮ್ಮ ರಸ್ತೆಗೆ ಸರಿಯಲ್ಲ. ಮೆಚ್ಚುಗೆ ಬೆಳೆದ ಮಾತ್ರಕ್ಕೆ ದೋಷ ಹೋಗುವುದಿಲ್ಲ, ಅದನ್ನು ಹೇಳುವವರು ಕಡಿಮೆಯಾಗುತ್ತಾರೆ ಅಷ್ಟೆ.

ಆದರೆ ಕಾಕಾನ ಹತ್ತಿರ ಎದುರುವಾದ ಇತ್ತು, ಅದೂ ಪೊಳ್ಳಲ್ಲ. ಕೊಯ್ಲು ಮುಗಿದ ಗದ್ದೆಗಳಲ್ಲಿ ಹುಲ್ಲಿಗೆ ಬೆಂಕಿ ಇಡುವ ದಿನಗಳಲ್ಲಿ ಸಂಜೆಯ ಹೊತ್ತು ಹೊಗೆ ರಸ್ತೆಗೆ ಅಡ್ಡ ಮಲಗುತ್ತದೆ. ದೀಪ ಕಣ್ಣಿನ ಮಟ್ಟಕ್ಕೆ ಹತ್ತಿರವಿದ್ದಷ್ಟೂ ಹೊಗೆಯ ಕಣಕ್ಕೆ ಬಡಿದ ಬೆಳಕು ತಿರುಗಿ ನಮ್ಮ ಕಣ್ಣಿಗೇ ಬರುತ್ತದೆ. ಕೆಳಗಿದ್ದರೆ ಈ ಕಾಟ ಕಡಿಮೆ. ಮಂಜಿನ ದೀಪವನ್ನು ಸಾಮಾನ್ಯವಾಗಿ ಬಂಪರಿನ ಕೆಳಭಾಗದಲ್ಲಿ ಇಡುವುದು ಇದಕ್ಕೇ. ಇದನ್ನು ಕಾಕಾನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. "ಹೊಗಿಯಾಗ ಇನ್ನೋವಾಕ್ಕಿಂತ ದಾರಿ ಚಲೋ ಕಾಣ್ತೈತಿ" ಎಂದು ಬರೆದರು. ಕಣ್ಣು ಮೊದಲು ಒಪ್ಪಿತ್ತು, ಕಾರಣ ಆಮೇಲೆ ಬಂತು.

ಇನ್ನು ಮೊದಲು ಹೊಗಳಿದ್ದೆಲ್ಲ ಏನಾಯಿತು? ಇಳಿಯಿತು. ಕರಿ ಹೊಳಪಿನ ಪ್ಲಾಸ್ಟಿಕ್ಕು ಗಿಣಿಗೇರಿ ಸುತ್ತಿನ ಕಾರ್ಖಾನೆಗಳ ಧೂಳಿಗೆ ಒಂದು ವರ್ಷ ತಾಳಲಿಲ್ಲ. ಒಣ ಬಟ್ಟೆಯಲ್ಲಿ ಒರೆಸಿದಷ್ಟೂ ಗೀರು. "ಬಳಪ ಹಚ್ಚಿದ ಪಾಟಿ ಆಗೇತಿ" ಎನ್ನುವುದು ಕಾಕಾನ ಮಾತು. ಮಾಳಿಗೆಯ ಗಾಜು ಏಪ್ರಿಲ್ ಬಂದ ಕೂಡಲೇ ಬಣ್ಣ ಬದಲಿಸಿತು. ಬಿಸಿಲು 40 ಡಿಗ್ರಿ ದಾಟುವ ಊರಿನಲ್ಲಿ ತಲೆಯ ಮೇಲೆ ಗಾಜು ಅಂದರೆ ಹೆಂಚು. ಒಳಪರದೆ ಎಳೆದರೂ ಬಿಸಿ ಇಳಿಯುತ್ತದೆ. 2021ರ ಬೇಸಿಗೆಯಿಂದ ಆ ಪರದೆ ಮುಚ್ಚಿಯೇ ಇದೆ, ಯಾತ್ರಿಕರ ಮಕ್ಕಳು ಕೇಳಿದಾಗ ಮಾತ್ರ ಐದು ನಿಮಿಷ ತೆರೆಯುತ್ತಾರೆ. ನೀಲಿ ಬೆಳಕಿನ ಮಾತು 2020ರ ಆಚೆಗೆ ಷರಾದಲ್ಲಿ ಒಮ್ಮೆಯೂ ಬಂದಿಲ್ಲ.

ಷೋರೂಮಿನಲ್ಲಿ ಗೆದ್ದವು ಶೆಡ್ಡಿನಲ್ಲಿ ಸೋತವು, ಷೋರೂಮಿನಲ್ಲಿ ಸೋತ ಮುಖ ಶೆಡ್ಡಿನಲ್ಲಿ ಗೆದ್ದಿತು. ಗಾಡಿ ಕೊಳ್ಳುವ ತೀರ್ಮಾನ ಆಗುವುದು ಮಾತ್ರ ಷೋರೂಮಿನಲ್ಲಿ, ಹತ್ತು ನಿಮಿಷದ ಟೆಸ್ಟ್ ಡ್ರೈವಿನಲ್ಲಿ. ಅದೂ ಓಡಿಸುವವನಿಂದ ಅಲ್ಲ, ಹಿಂದೆ ಕೂರುವವನಿಂದ.

ಟಿಕಳಿ

ಎಸಿ ಪಟ್ಟಿಯ ಕತೆ ಬೇರೆಯೇ ದಾರಿ ಹಿಡಿಯಿತು. 2020ರ ಮಳೆಗಾಲದಲ್ಲಿ ಕನಕಗಿರಿ ರಸ್ತೆಯಲ್ಲಿ ಸಂಜೆ ಮಳೆ, ಮುಂದಿನ ಗಾಜಿಗೆ ಒಳಗಿನಿಂದ ಆವಿ ಹಿಡಿಯಿತು. ಗಾಳಿಯನ್ನು ಗಾಜಿಗೆ ತಿರುಗಿಸಬೇಕು. ಕಾಕಾ ಪಟ್ಟಿಯತ್ತ ನೋಡಿದರು, ತಾಗಿಸಿದರು, ತಪ್ಪು ಚಿತ್ರಕ್ಕೆ ತಾಗಿತು, ಮತ್ತೆ ನೋಡಿದರು. ತಲೆ ಎತ್ತಿದಾಗ ಎಮ್ಮೆ. ಬ್ರೇಕು ಹಿಡಿಯಿತು, ಎಮ್ಮೆಯೂ ಉಳಿಯಿತು, ಎಲ್ಲರೂ ಉಳಿದರು. ಮನೆಗೆ ಬಂದವರು ಷರಾದಲ್ಲಿ ಒಂದೇ ಪದ ಬರೆದರು: "ಎಮ್ಮಿ."

ಮರುದಿನ ತಮ್ಮ ಹೆಂಡತಿಯ ಟಿಕಳಿ, ಅಂದರೆ ಹಣೆಗೆ ಅಂಟಿಸುವ ಬೊಟ್ಟಿನ ಪಾಕೀಟಿನಿಂದ ಮೂರು ಟಿಕಳಿ ತಂದು ಪಟ್ಟಿಯ ಮೇಲೆ ಅಂಟಿಸಿದರು. ಗಾಜಿನ ಗಾಳಿಗೆ ದೊಡ್ಡದು, ಎಸಿ ಹೆಚ್ಚಿಗೆ ಒಂದು, ಕಡಿಮೆಗೆ ಒಂದು. ಚಿತ್ರದ ಮೇಲಲ್ಲ, ಪಕ್ಕದಲ್ಲಿ, ಬೆರಳು ಮೊದಲು ಉಬ್ಬನ್ನು ಹುಡುಕಿ ಅಲ್ಲಿಂದ ಜಾರುವಂತೆ. ಈಗ ಅವರು ನೋಡದೆ ತಾಗಿಸುತ್ತಾರೆ.

ಸ್ವೀಡನ್ನಿನ ವಿ ಬಿಲ್ಲೆಗಾರೆ ಎಂಬ ಕಾರು ಪತ್ರಿಕೆ 2022ರಲ್ಲಿ ಒಂದು ಪರೀಕ್ಷೆ ಮಾಡಿತ್ತು. ಗಂಟೆಗೆ 110 ಕಿಲೋಮೀಟರ್ ವೇಗದಲ್ಲಿ ಓಡುತ್ತ ರೇಡಿಯೊ, ಎಸಿಯಂಥ ನಾಲ್ಕು ಸಾದಾ ಕೆಲಸ ಮಾಡಲು ಎಷ್ಟು ಹೊತ್ತು ಬೇಕು ಎಂದು. 2005ರ ಹಳೆಯ ವೋಲ್ವೊ ಗಾಡಿಯಲ್ಲಿ, ಗುಂಡಿಗಳಿದ್ದದ್ದರಲ್ಲಿ, 10 ಸೆಕೆಂಡ್. ಅಷ್ಟರಲ್ಲಿ ಗಾಡಿ ಸಾಗಿದ ದೂರ 306 ಮೀಟರ್. ಪರದೆ ತಾಗಿಸುವ ಹೊಸ ಗಾಡಿಗಳಲ್ಲಿ ಅತಿ ನಿಧಾನದ್ದಕ್ಕೆ 44.9 ಸೆಕೆಂಡ್, 1372 ಮೀಟರ್. ಓಡಿಸಿದವರಿಗೆ ಆ ಗಾಡಿಗಳ ಪರಿಚಯ ಮಾಡಿಕೊಳ್ಳಲು ಮೊದಲೇ ಸಮಯ ಕೊಟ್ಟಿದ್ದರು. ಯುರೋಪಿನ ಸುರಕ್ಷತಾ ಪರೀಕ್ಷೆಯ ಸಂಸ್ಥೆ ಯೂರೊ ಎನ್‌ಕ್ಯಾಪ್, ಇಂಡಿಕೇಟರ್, ಹಾರ್ನ್, ವೈಪರ್, ಅಪಾಯದ ದೀಪ, ತುರ್ತು ಕರೆ ಈ ಐದಕ್ಕಾದರೂ ನಿಜವಾದ ಗುಂಡಿ ಇಲ್ಲದಿದ್ದರೆ 2026ರಿಂದ ಪೂರ್ತಿ ಅಂಕ ಸಿಗುವುದಿಲ್ಲ ಎಂದಿದೆ. ಐದರ ಪಟ್ಟಿಯಲ್ಲಿ ಗಾಜಿನ ಆವಿ ತೆಗೆಯುವ ಗಾಳಿ ಇಲ್ಲ. ಕನಕಗಿರಿ ರಸ್ತೆಯಲ್ಲಿ ಮಳೆಗಾಲದ ಸಂಜೆ ಒಮ್ಮೆ ಓಡಿಸಿದ್ದರೆ ಸೇರಿಸುತ್ತಿದ್ದರೇನೋ.

ಷೋರೂಮಿನ ಹುಡುಗ "ರೂಢಿ ಆಗುತ್ತೆ" ಅಂದದ್ದರಲ್ಲಿ ಅರ್ಧ ಮಾತ್ರ ನಿಜವಾಯಿತು. ಮುಖ ರೂಢಿಯಾಯಿತು. ಪಟ್ಟಿ ರೂಢಿಯಾಗಲಿಲ್ಲ, ಕಾಕಾನೇ ಅದನ್ನು ತಿದ್ದಿದರು. ಹೊಸ ವಿನ್ಯಾಸವನ್ನು ಯಾರಾದರೂ ಬೈದಾಗ ಅದು ಕಣ್ಣಿನ ದೂರೋ ಕೈಯ ದೂರೋ ಎಂದು ಕೇಳದೆ ಎಲ್ಲವನ್ನೂ ರೂಢಿಯ ಲೆಕ್ಕಕ್ಕೆ ಬರೆದುಬಿಡುವುದು ಲೆಕ್ಕಿಗನಾಗಿ ನನಗೆ ಸರಿ ಕಾಣುವುದಿಲ್ಲ. ಮೂರು ವರ್ಷದ ಷರಾಗಳಲ್ಲಿ ಮಾರಿಯ ದೂರು ಮೊದಲ ಎಂಟು ತಿಂಗಳಿಗೆ ನಿಂತಿದೆ. ಪಟ್ಟಿಯ ದೂರು ಟಿಕಳಿ ಅಂಟಿಸಿದ ದಿನದವರೆಗೂ ಇದೆ. ಸರ್ವಿಸ್‌ಗೆ ಬಿಟ್ಟಾಗಲೆಲ್ಲ ಅಲ್ಲಿನ ಹುಡುಗರು ಕಸ ಎಂದುಕೊಂಡು ಟಿಕಳಿ ಕಿತ್ತು ಪಟ್ಟಿಯನ್ನು ತಿಕ್ಕಿ ಕೊಡುತ್ತಾರೆ. ಆ ದಿನದ ಷರಾದಲ್ಲಿ ಮತ್ತೆ ದೂರು ಇರುತ್ತದೆ.

ನಾ ಅಂದಿಲ್ಲ

2022ರ ಮದುವೆ ಬಾಡಿಗೆಯ ಷರಾ ಓದಿದ ಭಾನುವಾರ ನಾನು ಹಳೆಯ ಕಟ್ಟು ಬಿಚ್ಚಿ 2019ರ ಹಾಳೆ ತೆಗೆದು ಕಾಕಾನ ಮುಂದೆ ಇಟ್ಟೆ.

"ಇದು ನಾ ಬರದದ್ದಲ್ರೀ ಸರ."

"ಕೈಬರಹ ನಿಮ್ಮದ ಐತಲ್ಲ ಕಾಕಾ."

ಕನ್ನಡಕ ಹಾಕಿ ಇನ್ನೊಮ್ಮೆ ಓದಿದರು. "ಬರದಿರಬೇಕು. ಆದ್ರ ನನಗ ಮೊದಲಿಂದ ಇದರ ಮಾರಿ ಸೇರತಿತ್ತು. ಸ್ಟ್ಯಾಂಡಿನ ಹುಡುಗರು ಕಪ್ಪಿ ಅಂತಿದ್ರು, ಅದನ್ನ ಬರದೇನಿ."

ಸುಳ್ಳು ಹೇಳುತ್ತಿರಲಿಲ್ಲ. ಅವರಿಗೆ ನಿಜಕ್ಕೂ ನೆನಪಿರಲಿಲ್ಲ. ಕ್ವಾಲಿಸ್ ನಿಂತು ಇನ್ನೋವಾ ಬಂದ 2005ರಲ್ಲಿ ಇದೇ ಕಾಕಾ ಅದನ್ನು ಕೋಳಿಮೊಟ್ಟೆ ಅಂದದ್ದು ಮಾಮಾನಿಗೆ ಚೆನ್ನಾಗಿ ನೆನಪಿದೆ. ಅದನ್ನು ಎತ್ತಿದಾಗ ಕಾಕಾ ಸಿಟ್ಟಾದರು. ಇನ್ನೋವಾದಂಥ ಗಾಡಿಯನ್ನು ನಾನು ಹಾಗನ್ನುತ್ತೇನೆಯೇ ಎಂದು. ಮನಸ್ಸು ಬದಲಾಗುವುದು ಒಂದು, ಬದಲಾದದ್ದು ಮರೆತುಹೋಗುವುದು ಇನ್ನೊಂದು. ಎರಡನೆಯದು ನನಗೆ ಹೆಚ್ಚು ಸೋಜಿಗ. ಆ ಹಾಳೆ ಇಲ್ಲದಿದ್ದರೆ ಈ ಪ್ರಕರಣವೇ ಇರುತ್ತಿರಲಿಲ್ಲ. ನಾನು ಕೇಳುತ್ತಿದ್ದೆ, ಅವರು ಮೊದಲಿಂದ ಸೇರುತ್ತಿತ್ತು ಅನ್ನುತ್ತಿದ್ದರು, ನಾನು ಅದನ್ನೇ ಬರೆದುಕೊಳ್ಳುತ್ತಿದ್ದೆ.

ಅಷ್ಟು ಹೊತ್ತಿಗೆ ಶೆಡ್ಡಿನಲ್ಲಿದ್ದ ಇನ್ನೋವಾಕ್ಕೂ ಏನೋ ಆಗಿತ್ತು. ಅದಕ್ಕೆ ಒಂದು ಗೀರೂ ಹೆಚ್ಚಿಗೆ ಬಿದ್ದಿರಲಿಲ್ಲ. ಆದರೂ "ಮುದಕ" ಎಂಬ ಪದ ಷರಾದಲ್ಲಿ ಕಾಣತೊಡಗಿತ್ತು.

2023ರ ಆಯುಧ ಪೂಜೆಗೆ ಮಾಮಾ ಇನ್ನೊಂದು ಹೊಸ ಗಾಡಿ ತಂದರು. ಈ ಸಲ ಮುಂದೆ ಜಾಲರಿಯೇ ಇಲ್ಲದಂತೆ ಕಾಣುವ ಮುಖ, ಒಂದು ಕಡೆಯಿಂದ ಇನ್ನೊಂದು ಕಡೆಗೆ ಒಂದೇ ಬೆಳಕಿನ ಗೆರೆ. ಕಾಕಾ ಸುತ್ತ ಒಂದು ಸುತ್ತು ಬಂದು "ಬಾಯಿ ಹೊಲದಾರಲ್ರೀ ಇದರದ್ದು" ಅಂದರು. ನಾನು ತಾರೀಖು ಹಾಕಿ ಬರೆದುಕೊಂಡು ಕೆಳಗೆ ಅವರ ಸಹಿ ಹಾಕಿಸಿಕೊಂಡೆ. ಆಮೇಲೆ ಅವರು ಬಾಗಿಲು ತೆಗೆದು ಒಳಗೆ ಕೂತು, ಕಣ್ಣು ಮುಚ್ಚಿ, ಎಡಗೈಯನ್ನು ಡ್ಯಾಶ್‌ಬೋರ್ಡಿನ ಮೇಲೆ ಆಡಿಸಿದರು. ಎಲ್ಲ ನುಣುಪು.

ಇಳಿದು ಬಂದು ಪಡಸಾಲೆಯ ಬಾಗಿಲಲ್ಲಿ ನಿಂತು ಅಕ್ಕನನ್ನು ಕೂಗಿದರು. "ಅಕ್ಕಾರ, ನಾಕು ಟಿಕಳಿ ಕೊಡ್ರಿ."

ಅಕ್ಕ ಪೂಜೆಗೆಂದು ತಿಳಿದು ಕುಂಕುಮದ ಬಟ್ಟಲು ತಂದುಕೊಟ್ಟಳು.

"ಇದಲ್ರೀ. ಹಚ್ಚೋದಲ್ಲ, ಅಂಟಸೋದು. ದಪ್ಪಂದು ಇದ್ರ ಚಲೋ."